ಹಿಟ್ಟಾಗುವ ಕಲ್ಲಿಗೆ ಪೊಟ್ಯಾಷ್ ಬಟ್ಟಲು

"ಲೋಮಾಂಟೈಟ್ ತಗೊಂಡು ಏನ್ ಮಾಡ್ತೀರಿ? ನಿಮ್ಮೂರು ಮುಟ್ಟೋ ಹೊತ್ತಿಗೆ ರಂಗೋಲಿ ಪುಡಿ ಆಗಿರುತ್ತೆ." ಜಿಯೋಲೈಟ್ ಅಂದರೆ ಹರಳಿನೊಳಗೆ ನೀರು ಹಿಡಿದಿಟ್ಟುಕೊಂಡಿರುವ ಖನಿಜಗಳ ಗುಂಪು, ಲೋಮಾಂಟೈಟ್ ಅದರಲ್ಲೊಂದು. ಅವನ್ನು ಕೂಡಿಡುವ ಹುಚ್ಚಿರುವ ಯಾರನ್ನು ಕೇಳಿದರೂ ಇದೇ ಮಾತು. ಪುಣೆಯ ವ್ಯಾಪಾರಿ ಹೇಳಿದ, ಬೆಂಗಳೂರಿನ ಗೆಳೆಯ ಹೇಳಿದ. ಕ್ವಾರಿಯಲ್ಲಿ ಕಲ್ಲು ಒಡೆಯುವ ಯಾದಗಿರಿ ಕಡೆಯ ಹುಡುಗನೂ "ಅದು ಹಿಟ್ಟಾಗತೈತ್ರಿ ಯಜಮಾನ್ರ, ಒಯ್ಯಬ್ಯಾಡ್ರಿ" ಅಂದ. ಈಗ ನನ್ನ ಮನೆಯಲ್ಲಿ ಏಳು ತುಂಡುಗಳಿವೆ. ಐದು ಬೇಸಿಗೆ ದಾಟಿವೆ. ಒಂದರ ಮೈಯೂ ಬಿಳಿಚಿಕೊಂಡಿಲ್ಲ. ಅದಕ್ಕೇ ಇದನ್ನು ಬರೆಯುತ್ತಿರುವುದು.

ನಾನಿರುವುದು ಸೋಮವಾರಪೇಟೆ ತಾಲೂಕಿನಲ್ಲಿ, ಕಾಫಿ ತೋಟದ ನಡುವೆ. ಈ ಹರಳುಗಳು ಹೆಚ್ಚಾಗಿ ಸಿಗುವುದು ಬಸಾಲ್ಟ್ ಎಂಬ ಕಪ್ಪು ಲಾವಾ ಬಂಡೆಯೊಳಗಿನ ಪೊಟರೆಗಳಲ್ಲಿ, ಕೊಡಗಿನಲ್ಲಿ ಆ ಬಂಡೆ ಇಲ್ಲ. ಹಾಗಾಗಿ ವರ್ಷಕ್ಕೊಮ್ಮೆ ಪುಣೆ, ನಾಶಿಕ್ ಕಡೆ ಹೋಗಿ ಬರುತ್ತೇನೆ. ಸ್ಟಿಲ್‌ಬೈಟ್, ಹ್ಯೂಲಂಡೈಟ್, ಅಪೊಫಿಲೈಟ್ ಮುಂತಾದ ಹರಳುಗಳು ಎಲ್ಲರ ಹತ್ತಿರವೂ ಇರುತ್ತವೆ, ನನ್ನ ಹತ್ತಿರವೂ ಇವೆ. ಅವನ್ನು ತಂದು ಗಾಜಿನ ಬೀರುವಿನಲ್ಲಿಟ್ಟರೆ ಮುಗಿಯಿತು, ಮೊಮ್ಮಕ್ಕಳ ಕಾಲದವರೆಗೂ ಹಾಗೇ ಇರುತ್ತವೆ. ನನಗೆ ಹಟ ಹಿಡಿದದ್ದು ಲೋಮಾಂಟೈಟ್ ಮೇಲೆ. ಪೊಟರೆಯಿಂದ ಆಗಷ್ಟೇ ಹೊರಬಂದ ಹೊತ್ತಿನಲ್ಲಿ, ಇನ್ನೂ ನೀರು ತೊಟ್ಟಿಕ್ಕುತ್ತಿರುವಾಗ, ಅದರ ತಿಳಿಗುಲಾಬಿ ಕಡ್ಡಿಗಳನ್ನು ನೋಡಿದವರಿಗೆ ಈ ಹಟ ಅರ್ಥವಾಗುತ್ತದೆ.

ಮೊದಲ ಸಲ ತಂದದ್ದು 2017ರ ಅಕ್ಟೋಬರಿನಲ್ಲಿ. ಹನ್ನೊಂದು ತುಂಡು, ಎಲ್ಲ ಸೇರಿ ಹದಿನಾಲ್ಕು ಸಾವಿರ. ಡೀಸೆಲ್, ಲಾಡ್ಜ್, ಊಟ ಅಂತ ಇನ್ನೊಂದು ಹದಿನೈದು ಆಗಿರಬೇಕು. ಬೀರುವಿನಲ್ಲಿಟ್ಟೆ. ಡಿಸೆಂಬರಿನಲ್ಲಿ ಮಂಕಾದವು, ಸಂಕ್ರಾಂತಿಗೆ ಸುಣ್ಣದ ಬಣ್ಣಕ್ಕೆ ತಿರುಗಿದವು, ಫೆಬ್ರವರಿಯಲ್ಲಿ ಬೀರು ಬಾಗಿಲು ತೆಗೆದ ಅದುರಿಗೇ ಎರಡು ಉದುರಿಬಿದ್ದವು. ಉಳಿದವಕ್ಕೆ ಫೆವಿಕಾಲ್ ತೆಳ್ಳಗೆ ಮಾಡಿ ಬಳಿದೆ. ಆ ಕೆಲಸ ಯಾರೂ ಮಾಡಬೇಡಿ. ಮೇಲೆ ಹೊಳಪು ಬಂತು, ಒಳಗೆ ಅದರ ಪಾಡಿಗೆ ಪುಡಿಯಾಗುತ್ತಲೇ ಇತ್ತು. ಕೊನೆಗೆ ನೋಡಿದರೆ ಸಕ್ಕರೆ ಪಾಕ ಸುರಿದ ಸುಣ್ಣದ ಉಂಡೆಯ ಹಾಗಿತ್ತು. ಸ್ಪ್ರೇ ವಾರ್ನಿಷ್ ಹೊಡೆದ ತುಂಡಿನದೂ ಅದೇ ಗತಿ. ನೀರು ಹೊರಹೋಗಲು ದಾರಿ ಹುಡುಕಿಕೊಳ್ಳುತ್ತದೆ, ನಮ್ಮ ವಾರ್ನಿಷ್ ಅದಕ್ಕೆ ಯಾವ ಲೆಕ್ಕ.

2018ರ ಮೇ ತಿಂಗಳಿನಲ್ಲಿ ಮತ್ತೆ ಆರು ತುಂಡು ತಂದೆ. ಮಳೆ ಶುರುವಾಗುವ ಮುಂಚೆ ಮನೆಯವಳು, ಬೂಷ್ಟು ಹಿಡಿಯುತ್ತದೆ ಅಂತ, ಎರಡನ್ನು ಒಲೆಯ ಮೇಲಿನ ಅಟ್ಟಕ್ಕೆ ಹಾಕಿದಳು. ನಮ್ಮ ಕಡೆ ಮಳೆಗಾಲದಲ್ಲಿ ಒಣಗಬೇಕಾದ್ದೆಲ್ಲ ಅಲ್ಲಿಗೇ ಹೋಗುತ್ತದೆ, ಅವಳ ತಪ್ಪೇನಿಲ್ಲ. ಮಿಕ್ಕ ನಾಲ್ಕು ಹಿಂದಿನ ಜಗಲಿಯ ಮೂಲೆಯಲ್ಲಿ, ಹಳೇ ಗೋಣಿಚೀಲದ ಪಕ್ಕ, ನನ್ನ ಸೋಮಾರಿತನದಿಂದ ಅಲ್ಲೇ ಉಳಿದಿದ್ದವು. ಆ ಆಗಸ್ಟಿನಲ್ಲಿ ಏನಾಯಿತೆಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಮಾದಾಪುರದ ಕಡೆ ಗುಡ್ಡ ಜಾರಿದ ಮೇಲೆ ನಾವೂ ಮನೆಗೆ ಬೀಗ ಹಾಕಿ ಕುಶಾಲನಗರದಲ್ಲಿ ಭಾವನ ಮನೆ ಸೇರಿದೆವು. ಮೂರು ವಾರ ಕಳೆದು ವಾಪಸ್ ಬಂದಾಗ ಕಲ್ಲು ನೋಡುವ ಮನಸ್ಸು ಯಾರಿಗಿತ್ತು? ಜಗಲಿ ಗುಡಿಸುವಾಗ ಕಣ್ಣಿಗೆ ಬಿತ್ತು. ಗೋಣಿಚೀಲ ಕೊಳೆತಿತ್ತು. ಅದರ ಪಕ್ಕದ ನಾಲ್ಕೂ ತುಂಡು ಕ್ವಾರಿಯಲ್ಲಿ ಕಂಡಂತೆಯೇ ಹೊಳೆಯುತ್ತಿದ್ದವು. ಅಟ್ಟ ಹತ್ತಿ ನೋಡಿದೆ. ಅಲ್ಲಿದ್ದ ಎರಡೂ ಹಿಟ್ಟು.

ಒಣಗಿದರೆ ಕೆಡುತ್ತದೆ ಎನ್ನುವುದು ಪುಸ್ತಕ ಓದಿದವರಿಗೆಲ್ಲ ಗೊತ್ತು, ನನಗೂ ಗೊತ್ತಿತ್ತು. ಆದರೆ ಎಲ್ಲರೂ ಶಾಪ ಹಾಕುವ ನಮ್ಮ ಮಳೆಗಾಲ ಈ ಕಲ್ಲಿಗೆ ತವರುಮನೆ ಎಂದು ತಲೆಗೆ ಹೋದದ್ದು ಆ ದಿನ. ನನ್ನದು ಕಾಫಿಯವನ ಬುದ್ಧಿ. ವರ್ಷವೆಲ್ಲ ಕಣದಲ್ಲಿ ಕೂತು ಒಣಗಿತಾ ಒಣಗಿತಾ ಅಂತ ಕೇಳುವವನು, ಒಣಗಬಾರದು ಎನ್ನುವ ವಸ್ತುವಿನ ಬಗ್ಗೆ ಯೋಚಿಸುವುದೇ ಇಲ್ಲ.

ಜೂನಿನಿಂದ ಅಕ್ಟೋಬರ್‌ವರೆಗೆ ಏನೂ ಮಾಡಬೇಕಾಗಿಲ್ಲ. ಕಷ್ಟ ಬರುವುದು ಜನವರಿಯಿಂದ, ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆವರೆಗೆ. 2019ರ ಫೆಬ್ರವರಿಯಲ್ಲಿ ಆ ನಾಲ್ಕರಲ್ಲಿ ಒಂದು ಮಂಕಾಗತೊಡಗಿತು. ಓಡಿಹೋಗಿ ಕುಶಾಲನಗರದಿಂದ ಹಳೇ ಮೀನಿನ ತೊಟ್ಟಿ ತಂದೆ, ಸಾವಿರದ ಇನ್ನೂರು ರೂಪಾಯಿ. ತಳದಲ್ಲಿ ನೀರು, ಮೇಲೆ ಮರದ ಹಲಗೆ, ಹಲಗೆ ಮೇಲೆ ಕಲ್ಲು, ಮುಚ್ಚಳಕ್ಕೆ ಗಾಜು. ಎರಡೇ ವಾರಕ್ಕೆ ಗಾಜಿನಿಂದ ಹನಿ ತೊಟ್ಟಿಕ್ಕಿ ಹಲಗೆಗೆ ಹಸಿರು ಬೂಷ್ಟು ಹಿಡಿಯಿತು, ಚೀಟಿಗಳು ಕರಗಿಹೋದವು. ಯಾವ ತುಂಡು ಯಾವ ಕ್ವಾರಿಯದು ಎಂಬ ವಿವರ ಎರಡು ತುಂಡಿನದು ಇವತ್ತಿಗೂ ಇಲ್ಲ. ಸಂಗ್ರಾಹಕರಿಗೆ ಅದೆಂಥ ನಷ್ಟ ಎಂದು ಬಿಡಿಸಿ ಹೇಳಬೇಕೆ?

ಆಮೇಲೆ ಉಪ್ಪು. ಕರಗದೆ ತಳದಲ್ಲಿ ಉಳಿಯುವಷ್ಟು ಉಪ್ಪು ಹಾಕಿದ ನೀರನ್ನು ಮುಚ್ಚಿದ ಡಬ್ಬಿಯಲ್ಲಿಟ್ಟರೆ ಒಳಗಿನ ಗಾಳಿಯ ತೇವಾಂಶ ಶೇಕಡಾ 75ಕ್ಕೆ ನಿಲ್ಲುತ್ತದೆ. ಆನ್‌ಲೈನಿನಲ್ಲಿ ತರಿಸಿದ ನನ್ನ ಮೂರು ತೇವಮಾಪಕಗಳು ಒಂದೊಂದು ಲೆಕ್ಕ ಹೇಳುತ್ತಿದ್ದವು. ಬಾಟಲಿ ಮುಚ್ಚಳದಲ್ಲಿ ಒದ್ದೆ ಉಪ್ಪು ಇಟ್ಟು, ಮೂರನ್ನೂ ಜಿಪ್ ಕವರಿನಲ್ಲಿ ಒಂದು ರಾತ್ರಿ ಇಟ್ಟೆ. 75 ಎಂದದ್ದು ಒಂದೇ. ಮಿಕ್ಕ ಎರಡು ಎಷ್ಟು ಸುಳ್ಳು ಹೇಳುತ್ತವೆ ಎಂದು ಹಿಂದೆ ಬರೆದು ಅಂಟಿಸಿದೆ. ಉಪ್ಪಿನ ತೊಟ್ಟಿಯಲ್ಲಿ ಕಲ್ಲು ಸುಮಾರಾಗಿ ನಿಂತಿತು. ಆದರೆ ಏಪ್ರಿಲ್ ಬಿಸಿಲಿನಲ್ಲಿ, ದಿನಕ್ಕೆ ನಾಲ್ಕು ಸಲ ನಾನೇ ಮುಚ್ಚಳ ತೆಗೆದು ನೋಡುತ್ತಿದ್ದುದರಿಂದ, ತುದಿಗಳು ಮಂಕಾದವು. 75 ಎಂದರೆ ಅಂಚಿನಲ್ಲಿ ನಡೆದ ಹಾಗೆ, ಸ್ವಲ್ಪ ಜಾರಿದರೂ ಮುಗಿಯಿತು.

ಪರಿಹಾರ ಗೊಬ್ಬರದ ಕೊಟ್ಟಿಗೆಯಲ್ಲಿತ್ತು. ತೋಟಕ್ಕೆ ಹಾಕುವ ಪೊಟ್ಯಾಷ್ ಕೂಡ ಒಂದು ಉಪ್ಪೇ ತಾನೆ! ಅದನ್ನು ಹೀಗೇ ಒದ್ದೆ ಮಾಡಿಟ್ಟರೆ ತೇವಾಂಶ 85ರ ಆಸುಪಾಸು ನಿಲ್ಲುತ್ತದೆ. ಕಲ್ಲಿಗೆ ಬೇಕಾದಷ್ಟು ಆಯಿತು, ಗಾಜಿನಿಂದ ಹನಿ ಬೀಳುವಷ್ಟು ಆಗಲಿಲ್ಲ. 2020ರ ಕೊನೆಯಿಂದ ಇದೇ. ಕೆಂಪು ಪೊಟ್ಯಾಷ್ ಸಾಕು. ಅಗಲವಾದ ಪಿಂಗಾಣಿ ಬಟ್ಟಲಿನಲ್ಲಿ ಮುಕ್ಕಾಲು ಭಾಗ ಹಾಕಿ, ದೋಸೆ ಹಿಟ್ಟಿಗಿಂತ ಗಟ್ಟಿಯಾಗುವಷ್ಟು ನೀರು ಬೆರೆಸಿ. ಕಲ್ಲಿಗೆ ತಾಗಬಾರದು. ತಿಂಗಳಾಗುತ್ತಲೇ ಉಪ್ಪು ಬಟ್ಟಲಿನ ಅಂಚು ಹತ್ತಿ ಹೊರಗೆ ಇಳಿಯುತ್ತದೆ, ಅಂಚಿಗೆ ವ್ಯಾಸಲೀನ್ ಸವರಿದರೆ ನಿಲ್ಲುತ್ತದೆ. ತೊಟ್ಟಿಯೊಳಗೆ ಮರ, ಕಾಗದ, ಹತ್ತಿ ಒಂದೂ ಬೇಡ, ಬೂಷ್ಟಿಗೆ ತಿನ್ನಲು ಏನೂ ಸಿಗಬಾರದು. ಚೀಟಿ ಗಾಜಿನ ಹೊರಗೆ. ಕಲ್ಲನ್ನು ಯಾವುದರ ಮೇಲೆ ಕೂರಿಸಿದ್ದೇನೆ ಎನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನಗೆ ಎರಡು ವರ್ಷ ಹಿಡಿದಿದೆ, ಮನೆಗೆ ಬಂದು ಕಾಫಿ ಕುಡಿದವರಿಗೆ ತೋರಿಸುತ್ತೇನೆ.

ತೊಟ್ಟಿ ಎಷ್ಟು ಚೆನ್ನಾಗಿದ್ದರೂ ಕಲ್ಲು ಒಣಗಿಯೇ ಬಂದರೆ ಏನೂ ಪ್ರಯೋಜನವಿಲ್ಲ. ವ್ಯಾಪಾರಿಯ ಕಪಾಟಿನಲ್ಲಿ ವಾರ ಕಳೆದದ್ದನ್ನು ನಾನು ಈಗ ಮುಟ್ಟುವುದೇ ಇಲ್ಲ. ಸ್ಫೋಟವಾದ ದಿನವೇ ಅಲ್ಲಿರಬೇಕು. ಅದಕ್ಕೆ ಆ ಯಾದಗಿರಿ ಹುಡುಗನೇ ನನ್ನ ಕಣ್ಣು, ಪೊಟರೆ ಬಿಚ್ಚಿಕೊಂಡರೆ ಫೋನ್ ಮಾಡುತ್ತಾನೆ. ನಾನು ಮುಟ್ಟುವವರೆಗೆ ಕಲ್ಲನ್ನು ಕ್ವಾರಿಯ ನೀರಿನಲ್ಲೇ ಬಕೆಟಿನಲ್ಲಿಟ್ಟಿರುತ್ತಾನೆ. ಅವನ ಪಾಲು ತುಂಡಿಗೆ ಐನೂರು, ಕ್ವಾರಿ ಯಜಮಾನನ ದುಡ್ಡು ಬೇರೆ, ಅದಕ್ಕೆ ಬಿಲ್ ಕಡ್ಡಾಯ. ತರುವುದು ಮುಚ್ಚಳವಿರುವ ಪೇಂಟ್ ಬಕೆಟಿನಲ್ಲಿ, ಅಡಿಯಲ್ಲಿ ಒದ್ದೆ ಸ್ಪಂಜು. ಬಟ್ಟೆ ಸುತ್ತಿದರೆ ನೂಲು ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತದೆ.

ಬಿಲ್ ಯಾಕೆಂದರೆ, ಕೊಡಗಿನಲ್ಲಿ ಕಲ್ಲು ಅಂದರೆ ಜನರಿಗೆ ಮೊದಲು ನೆನಪಾಗುವುದು ಕಾಡಿನಲ್ಲಿ ಕದ್ದು ಅಗೆಯುವ ಹರಳುಕಲ್ಲು ದಂಧೆ. ಒಮ್ಮೆ ಚೆಕ್‌ಪೋಸ್ಟಿನಲ್ಲಿ ಬಕೆಟ್ ಇಳಿಸಿ ಮುಚ್ಚಳ ತೆಗೆಸಿದರು. "ಎಲ್ಲಿಂದ ಅಗೆದ್ರಿ?" ಅಂದರು. ಇದು ನಮ್ಮ ಕಾಡಿನದಲ್ಲ, ಮಹಾರಾಷ್ಟ್ರದ ಜಲ್ಲಿ ಕ್ವಾರಿಯದು ಎಂದು ಬಿಲ್ ತೋರಿಸಿ ಒಪ್ಪಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಉರಿಬಿಸಿಲು. ಆ ಬಕೆಟಿನ ಒಳ್ಳೆಯ ತುಂಡು ಮನೆಗೆ ಬಂದ ಮೇಲೆ ಸೀಳಿತು. ಬೇಡ ಬಿಡಿ, ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಡುವೆ ಬೇರೆ ಆಟಗಳನ್ನೂ ಆಡಿದ್ದೇನೆ. ಹಿಟ್ಟಾದ ಲೋಮಾಂಟೈಟನ್ನು ಒಡವೆ ತಕ್ಕಡಿಯಲ್ಲಿ ತೂಗಿ ಪೊಟ್ಯಾಷ್ ತೊಟ್ಟಿಗೆ ಹಾಕಿದೆ. ನಲವತ್ತು ಗ್ರಾಂಗೆ ಹತ್ತಿರ ಒಂದು ಗ್ರಾಂ ವಾಪಸ್ ಕುಡಿಯಿತು. ಕುಡಿದರೂ ಹಿಟ್ಟು ಹಿಟ್ಟೇ, ಕಡ್ಡಿ ಕೂಡಿಕೊಳ್ಳಲಿಲ್ಲ. ಮೆಸೊಲೈಟ್ ಎಂಬ ಇನ್ನೊಂದು ಜಿಯೋಲೈಟಿನ ಸೂಜಿಗಳನ್ನು ಕಾಫಿ ಹೊಟ್ಟಿನಲ್ಲಿ ಹುದುಗಿಸಿ ತಂದು ನೋಡಿದೆ. ಸೂಜಿ ಉಳಿದವು, ಸಂದಿಯ ಹೊಟ್ಟು ಇವತ್ತಿಗೂ ಹೊರಬಂದಿಲ್ಲ. ಈಗ ಡಬ್ಬಿಯ ತಳಕ್ಕೆ ಬುಡದ ಕಲ್ಲನ್ನು ಅಂಟಿಸಿ, ಸೂಜಿಗೆ ಗಾಳಿ ಬಿಟ್ಟು ಬೇರೇನೂ ತಾಗದಂತೆ ತರುತ್ತೇನೆ. ಮೇಲೆ ಕೂತ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜ ತೆಗೆಯಲೆಂದು ಅಪೊಫಿಲೈಟಿಗೆ ಆಸಿಡ್ ಹಾಕಿದ ಕಥೆ ಕೇಳಬೇಡಿ, ಮೂರು ಸಾವಿರದ ಹಸಿರು ತುಂಡು ಉಜ್ಜಿದ ಗಾಜಿನಂತಾಯಿತು.

ಒಟ್ಟು ಖರ್ಚು? ಲೆಕ್ಕ ಇಟ್ಟಿಲ್ಲ, ಒಂದೂಕಾಲು ಲಕ್ಷ ದಾಟಿರಬಹುದು. ತೊಟ್ಟಿ, ಬಟ್ಟಲು, ಮಾಪಕ ಎಲ್ಲ ಸೇರಿದರೂ ಅದರಲ್ಲಿ ಮೂರು ಸಾವಿರ ಇಲ್ಲ. ಮಿಕ್ಕದ್ದೆಲ್ಲ ಹಿಟ್ಟಾದ ಕಲ್ಲು ಮತ್ತು ಡೀಸೆಲ್.

ಹೋದ ಮಾರ್ಚಿನಲ್ಲಿ ಅತಿ ದೊಡ್ಡ ತುಂಡನ್ನು, ಅಂಗೈಯಗಲದ್ದು, ಸಣ್ಣ ತೊಟ್ಟಿಯ ಸಮೇತ ಕಾರಿನಲ್ಲಿಟ್ಟು ಬೆಂಗಳೂರಿನ ಗೆಳೆಯನ ಮನೆಗೆ ಒಯ್ದೆ. ರಂಗೋಲಿ ಪುಡಿ ಅಂದಿದ್ದವನು ಅವನೇ. ಹತ್ತು ನಿಮಿಷ ಗಾಜಿಗೆ ಮೂಗು ತಾಗಿಸಿ ನೋಡಿದ. "ಮುಚ್ಚಳ ತೆಗಿ ಮಾರಾಯ, ಒಂದು ಫೋಟೋ" ಅಂದ. ತೆಗೆಯಲಿಲ್ಲ. ಕೊನೆಗೆ ಮೂವತ್ತೈದು ಸಾವಿರ ಕೊಡುತ್ತೇನೆ ಎಂದು ಕೂತ. ತೊಟ್ಟಿಗೆ ಬೇರೆ ಎರಡು ಸಾವಿರ ಆಗುತ್ತೆ ಅಂದೆ. ತೊಟ್ಟಿ, ಗೊಬ್ಬರಕ್ಕೆಲ್ಲ ಯಾರಾದರೂ ದುಡ್ಡು ಕೊಡ್ತಾರಾ ಅಂದ. ಸರಿ ಬಿಡು ಅಂತ ವಾಪಸ್ ತಂದೆ.