ಕನಗನಹಳ್ಳಿ ನೋಡೋಕೆ ಕಾರು ಬೇಡ, ಒಂದು ರಾತ್ರಿ ಬೇಕು

ಕಲಬುರಗಿ ಜಿಲ್ಲೆಯ ಕನಗನಹಳ್ಳಿಯ ಹಳೇ ಬೌದ್ಧ ಸ್ತೂಪಕ್ಕೆ ಟ್ಯಾಕ್ಸಿ ಇಲ್ಲದೆ ಹೋಗಿ, ಪಕ್ಕದ ಊರು ಸನ್ನತಿಯಲ್ಲಿ ಒಂದು ರಾತ್ರಿ ಉಳಿದು ನೋಡ್ತೀನಿ ಅಂದಾಗ ನಮ್ಮ ಸುತ್ತಾಟದ ಗೆಳೆಯರು ಯಾರೂ ಒಪ್ಪಲಿಲ್ಲ. "ಉಳಿಯೋಕೆ ಅಲ್ಲೇನಿದೆ? ಕಲಬುರಗಿಯಲ್ಲಿ ಕಾರು ಹಿಡಿ, ಮಧ್ಯಾಹ್ನದ ಊಟಕ್ಕೆ ವಾಪಸ್ ಬಾ" ಅಂದರು. ಅವರ ಮಾತು ಕೇಳಿದ್ದಕ್ಕೇ ಮೊದಲನೇ ಸಲ ಕೈ ಸುಟ್ಟುಕೊಂಡಿದ್ದು.

ಅದು ಏಪ್ರಿಲ್. ಕಾರಿಗೆ ಮೂರೂವರೆ ಸಾವಿರದ ಹತ್ತಿರ ಆಯ್ತು. ತಲುಪಿದಾಗ ಹನ್ನೊಂದೂವರೆ, ಸೂರ್ಯ ನೆತ್ತಿ ಮೇಲೆ. ಆಗಿನ್ನೂ ಸುಣ್ಣದ ಕಲ್ಲಿನ ಫಲಕಗಳನ್ನು ಬಯಲಲ್ಲಿ ಸಾಲಾಗಿ ಮಲಗಿಸಿದ್ದರು. ಎಲ್ಲವೂ ಬಿಳಿಚಿಕೊಂಡು ಒಂದೇ ಥರ ಕಾಣ್ತಿದ್ದವು. ರಾಜ ಯಾರು, ಆನೆ ಎಲ್ಲಿ, ಅಕ್ಷರ ಎಲ್ಲಿ, ಒಂದೂ ತಿಳಿಯಲಿಲ್ಲ. ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. "ಸರ್, ಅಲ್ಲೇನದರಿ ನೋಡ್ಲಾಕ? ಬರೀ ಕಲ್ಲ ಅವ" ಅಂದ. ಆ ಬಿಸಿಲಲ್ಲಿ ಅವನ ಮಾತು ನಿಜವೇ ಆಗಿತ್ತು.

ಎರಡನೇ ಸಲ ಜುಲೈನಲ್ಲಿ ಬಸ್ಸು ಹಿಡಿದು ಹೋದೆ. ದಿನವಿಡೀ ಮೋಡ. ಎರೆಮಣ್ಣು ಚಪ್ಪಲಿಗೆ ಮೆತ್ತಿ ಒಂದೊಂದು ಕಾಲೂ ಎರಡೆರಡು ಕಿಲೋ ತೂಗ್ತಿತ್ತು. ವಾಪಸ್ ಬರೋ ಬಸ್ಸು ತಪ್ಪಿತು. ನಾಲವಾರ ಸ್ಟೇಷನ್ನಿಗೆ ಸುಮಾರು ಇಪ್ಪತ್ತು ಕಿಲೋಮೀಟರ್. ಕತ್ತಲಲ್ಲಿ ಆಟೋದವನಿಗೆ ಎಂಟುನೂರು ಕೊಟ್ಟು ಹೋದರೆ ರೈಲೂ ಹೋಗಿತ್ತು. ರಾತ್ರಿಯೆಲ್ಲ ಪ್ಲಾಟ್‌ಫಾರ್ಮಿನಲ್ಲಿ ಕೂತು ಯೋಚನೆ ಮಾಡಿದೆ. ಸವೆದ ಕೆತ್ತನೆಗೆ ಅಡ್ಡ ಬಿಸಿಲು ಬೇಕು. ಅದು ಸಿಗೋದು ಸಂಜೆ ಮತ್ತು ಬೆಳಗ್ಗೆ. ಹೋಗಿ ಬರೋ ಲೆಕ್ಕದಲ್ಲಿ ಎರಡೂ ಕೈ ತಪ್ಪುತ್ತವೆ.

ಮೂರನೇ ಸಲ ಡಿಸೆಂಬರ್ ಆರಿಸಿಕೊಂಡೆ. ಚಳಿಗಾಲದಲ್ಲಿ ಬಿಸಿಲು ಓರೆಯಾಗಿಯೇ ಜಾಸ್ತಿ ಹೊತ್ತು ಇರುತ್ತೆ ಅಲ್ವಾ. ಯಾದಗಿರಿಯಿಂದ ಲೋಕಲ್ ರೈಲಲ್ಲಿ ನಾಲವಾರ, ಅಲ್ಲಿಂದ ಟಂಟಂ, ಅಂದ್ರೆ ಶೇರ್ ಆಟೋ. ದಾರಿಯುದ್ದಕ್ಕೂ ತೊಗರಿ ಹೊಲ. ಸನ್ನತಿಯ ಚಂದ್ರಲಾಂಬಾ ದೇವಸ್ಥಾನಕ್ಕೆ ದೂರದೂರದಿಂದ ಮನೆದೇವರು ಅಂತ ಜನ ಬರ್ತಾರೆ. ಅಂಥವರು ಬಂದು ಉಳಿಯೋ ಊರಲ್ಲಿ ನನಗೊಂದು ಕೋಣೆ ಸಿಗಲ್ವಾ? ಸಿಕ್ಕಿತು, ಇನ್ನೂರೋ ಇನ್ನೂರೈವತ್ತೋ ಕೊಟ್ಟ ನೆನಪು. ರಾತ್ರಿಗೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ.

ಈ ದೇವಸ್ಥಾನದ ಆವರಣದಲ್ಲೇ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿದು ಮೂರ್ತಿ ಒಡೆದಿದ್ದು. ಕೆಳಗಿನ ಪೀಠ ನೋಡಿದರೆ ಅಶೋಕನ ಶಾಸನದ ಕಲ್ಲು! ಕನಗನಹಳ್ಳಿಯ ಅಗೆತ ಶುರುವಾಗಿದ್ದು ಆಮೇಲೆ, 1990ರ ದಶಕದಲ್ಲಿ. ಸ್ತೂಪದ ಹೆಸರು ಅಧೋಲೋಕ ಮಹಾಚೈತ್ಯ ಅಂತ ಅಲ್ಲಿನ ಕಲ್ಲುಗಳಿಂದಲೇ ತಿಳಿಯಿತು.

ಬೆಳಗ್ಗೆ ಆರಕ್ಕೇ ನಡೆಯತೊಡಗಿದೆ. ಎರಡು ಮೂರು ಕಿಲೋಮೀಟರ್ ಅಷ್ಟೆ. ಕಾವಲುಗಾರರ ಹತ್ತಿರ ಹಿಂದಿನ ಸಂಜೆಯೇ ಮಾತಾಡಿಟ್ಟಿದ್ದೆ. ಬಿಸಿಲು ಬಿತ್ತು ನೋಡಿ, ಮಲಗಿದ್ದ ಕಲ್ಲುಗಳಲ್ಲಿ ಒಂದೊಂದೇ ಗೆರೆ ಎದ್ದು ಬಂತು. ಮೊದಲು ಕೊಡೆ ಹಿಡಿದವರು, ಆಮೇಲೆ ರಾಣಿ, ಆಮೇಲೆ ರಾಜನ ಮುಖ. ಮೇಲಿನ ಪಟ್ಟಿಯಲ್ಲಿ ಅಶೋಕನ ಕಾಲದ ಲಿಪಿಯಾದ ಬ್ರಾಹ್ಮಿಯ ಅಕ್ಷರ. ಬ್ರಾಹ್ಮಿಯ 'ಕ' ಕೂಡಿಸುವ ಚಿಹ್ನೆಯ ಹಾಗೇ ಇರುತ್ತೆ. ಅದರ ಎರಡು ಗೆರೆಯಲ್ಲೂ ನೆರಳು ತುಂಬಿ, ಮಸಿಯಲ್ಲಿ ಈಗಷ್ಟೇ ಬರೆದ ಹಾಗೆ ಕಾಣ್ತಿತ್ತು. ಹಿಂದಕ್ಕೆ ಬಂದು ಒಂದೊಂದಾಗಿ ಕೂಡಿಸಿ ಓದಿದೆ: ರಾಯ ಅಸೋಕೋ, ಅಂದ್ರೆ ರಾಜ ಅಶೋಕ. ಹೆಸರು ಕೆತ್ತಿರುವ ಅಶೋಕನ ಚಿತ್ರವನ್ನು ನಾನೇ ಓದಿ ಗುರುತಿಸಿದೆ! ಕಣ್ಣು ತುಂಬಿ ಬಂತು. ಎಂಟೂವರೆ ಹೊತ್ತಿಗೆ ನೆರಳು ಕರಗಿ ಅಕ್ಷರವೂ ಮಾಯವಾಯ್ತು. ಸಿಕ್ಕಿದ್ದು ಒಂದೂವರೆ ಗಂಟೆಯೂ ಇರಲಿಕ್ಕಿಲ್ಲ. ಯಾವ ಮೂಲೆಯಿಂದ ಶುರು ಮಾಡಿದರೆ ಅಷ್ಟರಲ್ಲಿ ಎಲ್ಲ ಮುಗಿಯುತ್ತೆ ಅನ್ನೋದನ್ನು ನಾನು ಹೇಳಲ್ಲ. ಮೂರು ಸಲ ಅಲೆದು ಕಲಿತದ್ದು, ನನ್ನಲ್ಲೇ ಇರಲಿ.

ಆಮೇಲೆ ಸುಮ್ನೆ ಕೂರದೆ ಬೇರೆ ಪ್ರಯೋಗವನ್ನೂ ಮಾಡಿದೆ. ಕನ್ನಡಿಯಿಂದ ಬಿಸಿಲು ತಿರುಗಿಸಿದೆ, ಬೆಳಕು ತೀರಾ ಚುಚ್ಚಿತು, ಪ್ರಯೋಜನ ಆಗಲಿಲ್ಲ. ಬೆಡ್‌ಶೀಟಿನಿಂದ ನೆರಳು ಮಾಡಿ, ಟಾರ್ಚನ್ನು ನೆಲಕ್ಕೆ ತಾಗಿಸಿ ಪಕ್ಕದಿಂದ ಬಿಟ್ಟೆ. ಅದು ನಡು ಮಧ್ಯಾಹ್ನವೂ ಕೆಲಸ ಮಾಡಿತು! ಆದರೆ ಬೆಡ್‌ಶೀಟ್ ಹಿಡಿಯೋಕೆ ಇನ್ನೊಬ್ಬರು ಬೇಕು, ಒಂದು ಸಲಕ್ಕೆ ಮೊಳದಷ್ಟು ಜಾಗ ಮಾತ್ರ ಕಾಣುತ್ತೆ. ಅಕ್ಷರಕ್ಕೆ ಸೀಮೆಸುಣ್ಣ ತುಂಬಿ ನೋಡು, ನೀರು ಹಾಕಿ ಒರೆಸು ಅಂತ ಸಲಹೆ ಕೊಟ್ಟವರಿದ್ದಾರೆ. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ. ಎರಡು ಸಾವಿರ ವರ್ಷ ಉಳಿದ ಗೆರೆ ನಮ್ಮ ಕೈಯಲ್ಲಿ ಹಾಳಾಗಬಾರದು.

ಯಾದಗಿರಿ ಬಿಟ್ಟು ಯಾದಗಿರಿ ಸೇರುವವರೆಗೆ ಊಟ, ಕೋಣೆ, ಟಂಟಂ ಎಲ್ಲ ಸೇರಿ ಏಳುನೂರು ದಾಟಲಿಲ್ಲ. ಬೇಡ ಅಂದಿದ್ದ ಗೆಳೆಯರಲ್ಲಿ ಇಬ್ಬರು ಮುಂದಿನ ಚಳಿಗಾಲದಲ್ಲೇ ಇದೇ ದಾರಿಯಲ್ಲಿ ಹೋಗಿ ಬಂದರು.

ಆಮೇಲೆ ಪುರಾತತ್ವ ಇಲಾಖೆಯವರು ಫಲಕಗಳನ್ನು ಎತ್ತಿ ನಿಲ್ಲಿಸುವ ಕೆಲಸಕ್ಕೆ ಕೈ ಹಾಕಿದರು. ನಿಂತ ಕಲ್ಲಿಗೆ ನನ್ನ ಹಳೇ ಲೆಕ್ಕ ನಡೆಯಲ್ಲ. ಪೂರ್ವಕ್ಕೆ ಮುಖ ಮಾಡಿದ್ದಕ್ಕೆ ಬೆಳಗಿನ ಬಿಸಿಲು ನೇರ ಬೀಳುತ್ತೆ, ದಕ್ಷಿಣದ್ದಕ್ಕೆ ಓರೆಯಾಗಿ ಬೀಳುತ್ತೆ. ಜನವರಿಗೆ ಟಿಕೆಟ್ ಮಾಡಿಸಿದ್ದೀನಿ. ಈ ಸಲ ಎರಡು ರಾತ್ರಿ.