ಕೂಲಿ ಕೊಡದವರ ಮಾಲು ತಡೆಹಿಡಿಯುವುದು ಹೇಗೆ?

‘ದುಡ್ಡು ಕೊಟ್ಟು ಮಾಲು ತೆಗೆದುಕೊಂಡು ಹೋಗಿ’ ಎನ್ನುವುದು ಸುಮ್ನೆ ಜಬರ್ದಸ್ತಿನ ಮಾತಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 170ನೇ ಸೆಕ್ಷನ್ ಕೊಟ್ಟಿರುವ ಹಕ್ಕು ಅದು. ಬೇರೆಯವರು ತಂದುಕೊಟ್ಟ ವಸ್ತುವಿನ ಮೇಲೆ ನೀವು ಕೆಲಸ ಮಾಡಿದ್ದರೆ, ಕೂಲಿ ಬರುವವರೆಗೆ ಅದನ್ನು ಇಟ್ಟುಕೊಳ್ಳಬಹುದು. ಇದೇ ಲಿಯನ್. ಗ್ಯಾರೇಜು, ಲೇತ್ ವರ್ಕ್‌ಶಾಪು, ಪೌಡರ್ ಕೋಟಿಂಗ್ ಮಾಡುವವರು, ಟೈಲರ್‌ಗಳು, ಎಲ್ಲರಿಗೂ ಇದು ಸಿಗುತ್ತದೆ.

ತಯಾರಿ ಶುರುವಾಗಬೇಕಾದದ್ದು ಕೆಲಸ ಒಪ್ಪಿಕೊಳ್ಳುವಾಗಲೇ. ಉದ್ರಿಗೆ ಒಪ್ಪಬೇಡಿ. ಕಾಯ್ದೆಯಲ್ಲೇ ಉದಾಹರಣೆ ಇದೆ: ವಜ್ರಕ್ಕೆ ಸಾಣೆ ಹಿಡಿದವನು ಕೂಲಿ ಸಿಗುವವರೆಗೆ ವಜ್ರ ಇಟ್ಟುಕೊಳ್ಳಬಹುದು. ಆದರೆ ಕೋಟು ಹೊಲಿದ ಕೂಡಲೇ ಕೊಡುತ್ತೇನೆ, ದುಡ್ಡಿಗೆ 3 ತಿಂಗಳು ಕಾಯುತ್ತೇನೆ ಎಂದು ಮಾತು ಕೊಟ್ಟ ದರ್ಜಿಗೆ ಆ ಹಕ್ಕಿಲ್ಲ. ಪೀಣ್ಯದಂಥ ಕಡೆ ಜಾಬ್ ವರ್ಕ್ ಮಾಡುವವರು ಎಚ್ಚರ ತಪ್ಪಬಾರದ ಜಾಗ ಇದು. ದೊಡ್ಡ ಪಾರ್ಟಿಯ ಆರ್ಡರಿನಲ್ಲಿ ಎಲ್ಲೋ ಮೂಲೆಯಲ್ಲಿ ‘30 ದಿನಕ್ಕೆ ಪೇಮೆಂಟ್’ ಎಂದಿರಬಹುದು. ಸಹಿ ಹಾಕುವ ಮುಂಚೆ ಓದಿ.

ಒಂದು ಸಾಲು ನೀವೂ ಸೇರಿಸಿ. ಈ ಲಿಯನ್ ಇರುವುದು ಆ ಮಾಲಿನ ಕೂಲಿಗೆ ಮಾತ್ರ. ಹೋದ ತಿಂಗಳ ಬಾಕಿಗೆ ಈ ತಿಂಗಳ ಮಾಲು ಹಿಡಿಯುವಂತಿಲ್ಲ. ಹಾಗೆ ಹಿಡಿಯುವ ಹಕ್ಕು 171ನೇ ಸೆಕ್ಷನ್ನಿನಲ್ಲಿ ಬ್ಯಾಂಕಿನಂಥ ಕೆಲವರಿಗಷ್ಟೇ ತಾನಾಗಿ ಸಿಗುತ್ತದೆ. ಉಳಿದವರಿಗೆ ಸ್ಪಷ್ಟ ಕರಾರು ಬೇಕು. ಆದ್ದರಿಂದ ‘ಹಿಂದಿನ ಬಾಕಿ ಪೂರ್ತಿ ತೀರುವವರೆಗೆ ಮಾಲು ತಡೆಹಿಡಿಯಬಹುದು’ ಎಂದು ಕೊಟೇಶನ್ನಿನಲ್ಲಿ ಬರೆದು ಪಾರ್ಟಿಯ ಸಹಿ ಹಾಕಿಸಿಕೊಳ್ಳಿ.

ಒಪ್ಪಿದಂತೆ ಕೆಲಸ ಮುಗಿಸಿ, ಬಿಲ್ಲು ಕೊಡಿ. ದುಡ್ಡು ಬರದಿದ್ದರೆ ಬಾಕಿ ಎಷ್ಟು, ಯಾವ ಕೆಲಸದ್ದು, ಯಾವ ಮಾಲು ನಿಮ್ಮಲ್ಲಿದೆ ಎಂದು ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ನಕಲು ಇಟ್ಟುಕೊಳ್ಳಿ.

ಮಾಲು ಮಾತ್ರ ಬಿಡಬೇಡಿ. ‘ಅರ್ಜೆಂಟು ಸಾರ್, ನಾಳೆ ಹಾಕ್ತೀವಿ’ ಎಂದು ಟೆಂಪೋ ತಂದು ನಿಲ್ಲಿಸಿದರೂ ಬೇಡ. ಮಾಲು ನೀವಾಗಿಯೇ ಕೊಟ್ಟಿರೋ, ಲಿಯನ್ ಹೋಯಿತು. ಹಾಗಂತ ಅದು ನಿಮ್ಮದಾಗಲಿಲ್ಲ. ಸ್ವಂತ ವಸ್ತುವಿನಂತೆ ಜೋಪಾನ ಮಾಡಬೇಕು. ಹಿಡಿದಿಟ್ಟ ಕಾರಿನಲ್ಲಿ ಊರು ಸುತ್ತಬಾರದು. ಮಾರಿ ದುಡ್ಡು ಹಿಡಿದುಕೊಳ್ಳುವ ಹಕ್ಕನ್ನೂ 170ನೇ ಸೆಕ್ಷನ್ ಕೊಡುವುದಿಲ್ಲ.

ಇಷ್ಟಕ್ಕೂ ಪಾರ್ಟಿ ಬಗ್ಗದಿದ್ದರೆ? ನಿಮ್ಮದು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ) ಇರುವ ಅತಿಸಣ್ಣ ಅಥವಾ ಸಣ್ಣ ಘಟಕವಾದರೆ 2006ರ ಎಂಎಸ್ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಇದೆ. ಕರಾರಿನಲ್ಲಿ ಏನೇ ಬರೆದಿದ್ದರೂ ಪೇಮೆಂಟ್ 45 ದಿನ ದಾಟುವಂತಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ 3 ಪಟ್ಟು ಚಕ್ರಬಡ್ಡಿ. ಕೇಂದ್ರದ ಎಂಎಸ್ಎಂಇ ಇಲಾಖೆಯ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ನೋಂದಣಿಯನ್ನು ಮಾತ್ರ ಆರ್ಡರ್ ಹಿಡಿಯುವ ಮೊದಲೇ ಮಾಡಿಸಿ, ಜಗಳ ಶುರುವಾದ ಮೇಲಲ್ಲ. ನೋಂದಣಿ ಇಲ್ಲದವರಿಗೆ ಸಿವಿಲ್ ಕೋರ್ಟು.

ಮನೆ ಕಟ್ಟಿಕೊಡುವ ಗುತ್ತಿಗೆದಾರರಿಗೆ ಈ ಹಕ್ಕು ಉಪಯೋಗಕ್ಕೆ ಬಾರದು. 170ನೇ ಸೆಕ್ಷನ್ ಇರುವುದು ಸಾಗಿಸಬಹುದಾದ ವಸ್ತುಗಳಿಗೆ, ಕಟ್ಟಡಕ್ಕಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಾದರೆ ದುಡ್ಡು ಸಿಗದ ಗುತ್ತಿಗೆದಾರ ಮಾಲೀಕನ ಆಸ್ತಿಯ ಮೇಲೆಯೇ ಲಿಯನ್ ದಾಖಲಿಸಬಹುದು. ಇಲ್ಲಿ ಪಾಯ, ಲಿಂಟಲ್, ಮೋಲ್ಡು ಎಂದು ಹಂತಹಂತವಾಗಿ ದುಡ್ಡು ಪಡೆಯುವುದೇ ಕ್ಷೇಮ. ಬಾಕಿ ಉಳಿದರೆ, ಯಾವಾಗ ಕೊಡಬೇಕೆಂದು ಕರಾರಿನಲ್ಲಿ ಇಲ್ಲದಿದ್ದಾಗ, ಕೆಲಸ ಮುಗಿದ 3 ವರ್ಷದೊಳಗೆ ದಾವೆ ಹಾಕಬೇಕು.