ಮಾಗಿಯಲ್ಲೇ ಸಿದ್ಧವಾಗುವ ಮಳೆಗಾಲದ ಹೂದೋಟ

ಸಾಗರ ತಾಲ್ಲೂಕಿನ ನಮ್ಮ ಮನೆಯಂಗಳದಲ್ಲಿ ಡೇರೆ (ಡೇಲಿಯಾ) ಹೂವು ಅರಳುವುದು ಶ್ರಾವಣದಿಂದ ದೀಪಾವಳಿಯವರೆಗೆ. ಆ ಮೂರು ತಿಂಗಳ ತೋಟಕ್ಕೆ ಬೇಕಾದ ಕೆಲಸದಲ್ಲಿ ಮುಕ್ಕಾಲು ಪಾಲನ್ನು ನಾನು ಸಂಕ್ರಾಂತಿ ಕಳೆದ ಮೇಲೆ, ಶಿವರಾತ್ರಿಯ ಒಳಗೆ ಮುಗಿಸುತ್ತೇನೆ. ಮೊದಲ ವರ್ಷಗಳಲ್ಲಿ ಹೀಗಿರಲಿಲ್ಲ. ಮೇ ತಿಂಗಳ ಕೊನೆಗೆ ಮೋಡ ಕಟ್ಟಿದ ಮೇಲೆ ಗುದ್ದಲಿ ಹಿಡಿಯುತ್ತಿದ್ದೆ. ಮೃಗಶಿರ ಮಳೆ ಹಿಡಿಯುವಷ್ಟರಲ್ಲಿ ಅರ್ಧ ಮಣ್ಣು ಕೆಸರಾಗಿ, ನೆಟ್ಟ ಗಡ್ಡೆಗಳಲ್ಲಿ ಅರ್ಧದಷ್ಟು ಕೊಳೆತು ಹೋಗುತ್ತಿದ್ದವು. ನಮ್ಮ ಜಂಬಿಟ್ಟಿಗೆ ಮಣ್ಣಿನ ಗುಣವೇ ಹಾಗೆ. ಹಿಂದಿನ ಮಳೆಗಾಲದ ತೇವ ಜನವರಿಯವರೆಗೂ ಒಳಗೆ ಉಳಿದಿರುವುದರಿಂದ ಆಗ ಗುದ್ದಲಿ ಸಲೀಸಾಗಿ ಇಳಿಯುತ್ತದೆ. ಮಾರ್ಚ್ ಬಂತೆಂದರೆ ಅದೇ ನೆಲ ಕಲ್ಲಿನಂತೆ ಗಟ್ಟಿಯಾಗಿ ಹಾರೆಗೂ ಬಗ್ಗುವುದಿಲ್ಲ.

ಬಯಲುಸೀಮೆಯ ಓದುಗರಿಗೆ ಈ ಲೆಕ್ಕಾಚಾರ ತಲೆಕೆಳಗಾಗಿ ಕಾಣಬಹುದು. ಬೆಂಗಳೂರಿನ ಕಡೆ ಡೇರೆ ಚಳಿಗಾಲದ ಹೂವು. ಜನವರಿಯಲ್ಲಿ ಲಾಲ್‌ಬಾಗಿನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಅದನ್ನು ಅಲ್ಲಿ ಕುಂಡಗಳಲ್ಲಿ ಕಂಡಿರುತ್ತಾರೆ. ಮಲೆನಾಡಿನಲ್ಲಿ ಅದು ಮಳೆಗಾಲದ ಗಿಡ. ಇದರ ಮೂಲ ಮೆಕ್ಸಿಕೋ ದೇಶದ ತಂಪಾದ ಎತ್ತರದ ನೆಲ. ಅಲ್ಲಿಯೂ ಅದು ಮಳೆ ಬಂದಾಗ ಚಿಗುರಿ, ಮಳೆಗಾಲದಲ್ಲೇ ಹೂಬಿಟ್ಟು, ಒಣಹವೆಯಲ್ಲಿ ಗಡ್ಡೆಯಾಗಿ ಮಲಗುವ ಸಸ್ಯ. ನಮ್ಮಲ್ಲಿಯೂ ದೀಪಾವಳಿಯ ನಂತರ ಹಗಲು ಚಿಕ್ಕದಾದಂತೆ ಗಿಡ ಹೂವನ್ನು ಕಡಿಮೆ ಮಾಡಿ ನೆಲದೊಳಗಿನ ಗಡ್ಡೆಯನ್ನು ಬಲಿಸಿಕೊಳ್ಳುತ್ತದೆ. ಹಾಗಾಗಿ ದಂಟು ಪೂರ್ತಿ ಒಣಗುವ ಮೊದಲು ಅಗೆಯುವ ಆತುರ ಒಳ್ಳೆಯದಲ್ಲ. ಒಣಗಿದ ದಂಟನ್ನು ನೆಲದಿಂದ ಒಂದು ಗೇಣು ಬಿಟ್ಟು ಕತ್ತರಿಸಿ, ಎಂಟು ಹತ್ತು ದಿನ ಹಾಗೆಯೇ ಇರಗೊಟ್ಟು, ಆಮೇಲೆ ಬುಡದಿಂದ ಒಂದು ಅಡಿ ದೂರದಲ್ಲಿ ಸುತ್ತಲೂ ಮಣ್ಣು ಸಡಿಲಿಸಿ ಗೊಂಚಲನ್ನು ಇಡಿಯಾಗಿ ಎತ್ತುತ್ತೇನೆ.

ಈ ಎತ್ತುವ ಕ್ಷಣದಲ್ಲಿ ಕೈ ಎಷ್ಟು ಹಗುರವಾಗಿದ್ದರೂ ಸಾಲದು. ಗೊಂಚಲನ್ನು ತಿರುಗಿಸಿ ನೋಡಿದರೆ, ನಡುವೆ ಹಳೆಯ ದಂಟಿನ ಬುಡ, ಅದರ ಸುತ್ತ ಸಣ್ಣ ಗೆಣಸಿನಂತಹ ಐದಾರು ಗಡ್ಡೆಗಳು. ಪ್ರತಿಯೊಂದು ಗಡ್ಡೆಗೂ ಬುಡಕ್ಕೂ ನಡುವೆ ಪೆನ್ಸಿಲಿನಷ್ಟೇ ದಪ್ಪದ ಒಂದು ಕತ್ತು ಇರುತ್ತದೆ. ಆಲೂಗಡ್ಡೆಗೆ ಮೈತುಂಬ ಕಣ್ಣುಗಳಿದ್ದಂತೆ ಡೇರೆ ಗಡ್ಡೆಗೆ ಇರುವುದಿಲ್ಲ. ಅದರ ಕಣ್ಣೆಲ್ಲ ಇರುವುದು ಆ ಕತ್ತು ದಂಟಿಗೆ ಸೇರುವ ಕಿರೀಟದ ಜಾಗದಲ್ಲಿ ಮಾತ್ರ. ಕತ್ತು ಮುರಿದ ಗಡ್ಡೆ ಎಷ್ಟೇ ದಪ್ಪವಾಗಿರಲಿ, ಎಷ್ಟೇ ಹೊಳೆಯುತ್ತಿರಲಿ, ನೆಟ್ಟರೆ ಬೇರು ಬಿಟ್ಟೀತೇ ವಿನಾ ಮೊಳಕೆ ಹೊಡೆಯುವುದಿಲ್ಲ. ಇದನ್ನು ತಿಳಿಯದೆ ನಾನು ಎರಡು ವರ್ಷ ದಪ್ಪ ಗಡ್ಡೆಗಳನ್ನೇ ಆರಿಸಿ ಮುರಿದು ನೆಟ್ಟು ಕಾದಿದ್ದೆ. ಈಗ ಗೊಂಚಲನ್ನು ಅಡಿಕೆ ಹಾಳೆಯ ಮೇಲೆ ಇಟ್ಟುಕೊಂಡೇ ಮನೆಯೊಳಗೆ ತರುತ್ತೇನೆ, ದಂಟು ಹಿಡಿದು ತೂಗಾಡಿಸುವುದಿಲ್ಲ.

ಗಡ್ಡೆಯನ್ನು ಕಾಪಿಡುವ ವಿಷಯದಲ್ಲಿ ನನಗೆ ಆದ ನಷ್ಟವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರ ಡೇರೆ ಸಂತತಿ ಕಳೆದುಹೋಗುವುದು ಇಲ್ಲಿಯೇ. ಮೊದಲ ಸಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಟ್ಟಿಗೆಯ ಮೂಲೆಯಲ್ಲಿಟ್ಟೆ. ಒಂದು ತಿಂಗಳಲ್ಲಿ ಒಳಗೆ ಬೆವರಿ, ಬಿಳಿ ಬೂಸು ಹಿಡಿದು, ಮುಟ್ಟಿದರೆ ಬೆರಳು ಒಳಗಿಳಿಯುವಷ್ಟು ಕೊಳೆತಿದ್ದವು. ಮರುವರ್ಷ ತೇವದ ಹೆದರಿಕೆಯಿಂದ ಬಚ್ಚಲ ಒಲೆಯ ಮೇಲಿನ ಅಟ್ಟಕ್ಕೇರಿಸಿದೆ. ಹೊಗೆಯ ಕಾವಿಗೆ ಅವು ಸುಕ್ಕಾಗಿ ಒಣಗಿ ಕಡ್ಡಿಯಂತಾದವು. ಆ ವರ್ಷ ನನ್ನ ಹತ್ತಿರ ಒಂದೇ ಒಂದು ಜೀವಂತ ಗಡ್ಡೆಯೂ ಉಳಿದಿರಲಿಲ್ಲ. ಆದರೆ ಅದರ ಹಿಂದಿನ ಬೇಸಿಗೆಯಲ್ಲಿ ನೆಂಟರಿಷ್ಟರಿಗೆ, ಅಕ್ಕಪಕ್ಕದ ಮನೆಗಳಿಗೆ ಹಂಚಿದ್ದ ಬಣ್ಣಗಳೆಲ್ಲ ಅವರ ಅಂಗಳಗಳಲ್ಲಿ ಕ್ಷೇಮವಾಗಿದ್ದವು. ಕೇಳಿದ್ದೇ ತಡ, ಒಬ್ಬೊಬ್ಬರು ಒಂದೊಂದು ಬಣ್ಣ ತಂದುಕೊಟ್ಟರು. ಮಲೆನಾಡಿನ ಹೆಂಗಸರು ಡೇರೆ ಗಡ್ಡೆಯನ್ನು ಒಬ್ಬರಿಂದೊಬ್ಬರಿಗೆ ಕೊಟ್ಟುಕೊಳ್ಳುವ ಪದ್ಧತಿಯಿಂದಲೇ ಈ ಹೂವು ಇಲ್ಲಿ ತಲೆಮಾರುಗಳ ಕಾಲ ಉಳಿದುಬಂದಿದೆ ಎಂಬುದು ನನ್ನ ನಂಬಿಕೆ. ಅಂದಿನಿಂದ ಪ್ರತಿ ಬಣ್ಣದಲ್ಲಿಯೂ ಒಂದು ಗೊಂಚಲನ್ನು ಕೊಡುವುದಕ್ಕೆಂದೇ ತೆಗೆದಿಡುತ್ತೇನೆ.

ಈಗ ಅನುಸರಿಸುತ್ತಿರುವ ಕ್ರಮ ಹೀಗಿದೆ. ಅಗೆದ ಗೊಂಚಲನ್ನು ತೊಳೆಯದೆ, ಮಣ್ಣನ್ನು ಕೈಯಿಂದಷ್ಟೇ ಉದುರಿಸಿ, ಜಗುಲಿಯ ನೆರಳಿನಲ್ಲಿ ಮೂರು ದಿನ ತಲೆಕೆಳಗಾಗಿ ಇಡುತ್ತೇನೆ. ದಂಟು ಟೊಳ್ಳಾಗಿರುವುದರಿಂದ ಅದರೊಳಗೆ ನಿಂತ ನೀರು ಇಳಿದುಹೋಗದಿದ್ದರೆ ಕೊಳೆ ಅಲ್ಲಿಂದಲೇ ಶುರುವಾಗುತ್ತದೆ. ಆಮೇಲೆ ಗಾಯವಾದ ಜಾಗಕ್ಕೆ ಒಲೆಯ ಬೂದಿ ಸವರಿ, ಹಳೆಯ ಮಣ್ಣಿನ ಮಡಕೆಯಲ್ಲಿ ಹೊಳೆಮರಳು ಹರಡಿ, ಒಂದಕ್ಕೊಂದು ತಾಗದಂತೆ ಗೊಂಚಲುಗಳನ್ನಿಟ್ಟು ಮತ್ತೆ ಮರಳು ಮುಚ್ಚುತ್ತೇನೆ. ಮರಳಿನ ಹದವೇ ಇಲ್ಲಿ ಮುಖ್ಯ. ಮುಷ್ಟಿಯಲ್ಲಿ ಹಿಡಿದಾಗ ತಂಪು ತಿಳಿಯಬೇಕು, ಬಿಟ್ಟಾಗ ಉಂಡೆಯಾಗಿ ನಿಲ್ಲದೆ ಉದುರಬೇಕು. ಮಡಕೆಯ ಜಾಗ ಮಹಡಿ ಮೆಟ್ಟಿಲ ಕೆಳಗಿನ ಕತ್ತಲೆ. ಮನೆಯಲ್ಲಿ ಹಗಲಿನ ಸೆಖೆ ಮುಟ್ಟದಿರುವುದು ಅಲ್ಲಿ ಮಾತ್ರ. ಮಾಘ ಮಾಸದಲ್ಲಿ ಒಮ್ಮೆ ಮಡಕೆ ಬಿಚ್ಚಿ ನೋಡಿ, ಮೆತ್ತಗಾದ ಗಡ್ಡೆಯಿದ್ದರೆ ಅದನ್ನು ಗಟ್ಟಿ ಭಾಗದವರೆಗೆ ಕೊಯ್ದು ತೆಗೆದು, ಸುಕ್ಕು ಕಂಡರೆ ಮರಳಿಗೆ ಒಂದು ತಂಬಿಗೆ ನೀರು ಚಿಮುಕಿಸುತ್ತೇನೆ. ಈ ಹಂತದಲ್ಲಿ ಗೊಂಚಲನ್ನು ಬಿಡಿಸುವ ಆಸೆಯಾಗುತ್ತದೆ, ಆದರೆ ಕಣ್ಣು ಇನ್ನೂ ಕಾಣದಿರುವುದರಿಂದ ಕೈ ತಡೆಯುತ್ತೇನೆ. ಏಪ್ರಿಲ್ ನಡುವಿನಲ್ಲಿ ಕಿರೀಟದ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಉಬ್ಬು ಕಾಣಿಸಿಕೊಂಡ ಮೇಲೆ ಕತ್ತರಿಸಿದರೆ ಒಂದೂ ವ್ಯರ್ಥವಾಗುವುದಿಲ್ಲ.

ಬಣ್ಣದ ಗುರುತಿಗಾಗಿ ನಾನು ಪಟ್ಟ ಪಾಡು ದೊಡ್ಡದು. ಕಾಗದ ಕರಗಿತು, ಬಣ್ಣದ ದಾರ ಮಾಸಿತು, ಪ್ಲಾಸ್ಟಿಕ್ ಪಟ್ಟಿಯ ಮೇಲಿನ ಶಾಯಿ ಒಂದೇ ಬೇಸಿಗೆಯಲ್ಲಿ ಅಳಿಸಿಹೋಯಿತು. ಕೊನೆಗೆ ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯನ್ನು ಕತ್ತರಿಸಿ, ಆ ತಗಡಿನ ಮೇಲೆ ಬಾಲ್‌ಪೆನ್ನಿನಿಂದ ಒತ್ತಿ ಬರೆಯತೊಡಗಿದೆ. ಶಾಯಿ ಹೋದರೂ ಅಕ್ಷರದ ಅಚ್ಚು ಉಳಿಯುತ್ತದೆ.

ಇನ್ನು ಜಾಗದ ಯೋಜನೆ. ಮಾಗಿಯಲ್ಲಿ ಯೋಜನೆ ಹಾಕುವವರು ಬಿಸಿಲಿನ ವಿಷಯದಲ್ಲಿ ಸುಲಭವಾಗಿ ಮೋಸಹೋಗುತ್ತಾರೆ, ನಾನೂ ಹೋಗಿದ್ದೆ. ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಮನೆಯ ದಕ್ಷಿಣ ಮಗ್ಗುಲಿಗೆ ದಿನವಿಡೀ ಬಿಸಿಲು ಬೀಳುತ್ತದೆ, ಬಡಗು ಬದಿ ನೆರಳಿನಲ್ಲಿರುತ್ತದೆ. ಇದನ್ನು ನೋಡಿಯೇ ನಾನು ಡೇರೆಯ ಸಾಲನ್ನು ದಕ್ಷಿಣದ ಗೋಡೆಗೆ ಹತ್ತಿರವಾಗಿ ಗುರುತಿಸಿದ್ದೆ. ಆದರೆ ನಮ್ಮ ಊರು ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗುತ್ತಾನೆ, ಮತ್ತೆ ನೆತ್ತಿಗೆ ಬರುವುದು ಆಗಸ್ಟ್ ನಡುವಿನಲ್ಲಿ. ಗಿಡ ಬೆಳೆಯಬೇಕಾದ ಜೂನ್, ಜುಲೈ ತಿಂಗಳುಗಳಲ್ಲಿ ಮೋಡದ ನಡುವೆ ಸಿಗುವ ಅಲ್ಪಸ್ವಲ್ಪ ಬಿಸಿಲೂ ಉತ್ತರದ ಕಡೆಯಿಂದಲೇ ಬೀಳುವುದರಿಂದ, ಮಲೆನಾಡಿನ ಮನೆಗಳ ಅಗಲವಾದ ಸೂರಿನ ಕೆಳಗೆ ದಕ್ಷಿಣದ ಗೋಡೆಯಂಚು ಪೂರ್ತಿ ನೆರಳಾಗುತ್ತದೆ. ಸಾಲದ್ದಕ್ಕೆ ಸೂರಿನ ನೀರೂ ಅಲ್ಲಿಗೇ ಸುರಿಯುತ್ತದೆ. ಆ ವರ್ಷದ ಗಿಡಗಳು ಆಳೆತ್ತರಕ್ಕೆ ಸೊರಗಿ ಬೆಳೆದು, ಹೂವಿನ ಭಾರಕ್ಕೆ ಮುಂಚೆಯೇ ಬಾಗಿದವು. ಮರುವರ್ಷ ಮನೆಯ ಬಡಗು ಬದಿಯಲ್ಲಿ, ಗೋಡೆಯಿಂದ ಎಂಟು ಅಡಿ ಬಿಟ್ಟು, 30 ಅಡಿ ಉದ್ದ 12 ಅಡಿ ಅಗಲದ ತಾಣವನ್ನು ಆರಿಸಿಕೊಂಡೆ. ಜನವರಿಯಲ್ಲಿ ಅಲ್ಲಿ ನಿಂತರೆ ಚಳಿಗೆ ಮೈ ನಡುಗುತ್ತದೆ, ಆದರೆ ಡೇರೆಗೆ ಅದೇ ಸರಿಯಾದ ಜಾಗ.

ನೀರು ನಿಲ್ಲುವ ಜಾಗವನ್ನು ಪತ್ತೆಹಚ್ಚಲು ಮಾತ್ರ ಮಾಗಿ ಬಹಳ ಅನುಕೂಲದ ಕಾಲ. ಮಳೆಗಾಲದಲ್ಲಿ ಎಲ್ಲೆಡೆಯೂ ನೀರೇ ಕಾಣುತ್ತದೆ. ಈಗ ಒಣಗಿದ ಹಾವಸೆಯ ಕರಿ ಕಲೆ ಎಲ್ಲಿದೆಯೋ ಅಲ್ಲಿ ನೀರು ನಿಂತಿತ್ತೆಂದು ನೆಲವೇ ಹೇಳುತ್ತದೆ. ಆ ಕಲೆಗಳನ್ನು ಸೇರಿಸಿಕೊಂಡು ಒಂದು ಅಡಿ ಆಳದ ಬಸಿಗಾಲುವೆ ತೆಗೆದು, ಅದರ ಮಣ್ಣನ್ನೇ ಎರಡೂ ಮಗ್ಗುಲಿಗೆ ಏರಿಸಿ ಏರಿ ಮಾಡುತ್ತೇನೆ. ಈಗ ಒಂದೂವರೆ ಅಡಿ ಎತ್ತರವಿದ್ದರೆ ಮಳೆಯ ಹೊತ್ತಿಗೆ ಕುಸಿದು ಒಂದು ಅಡಿಗೆ ನಿಲ್ಲುತ್ತದೆ. ವರ್ಷಕ್ಕೆ 2,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಕಡೆ ಗಡ್ಡೆ ಬದುಕುವುದು ಈ ಏರಿಯ ಬಲದಿಂದಲೇ. ಅಷ್ಟೊಂದು ಮಳೆ ಮಣ್ಣಿನ ಸುಣ್ಣದ ಅಂಶವನ್ನೂ ತೊಳೆದುಕೊಂಡು ಹೋಗುವುದರಿಂದ ನಮ್ಮ ಮಣ್ಣು ಹುಳಿ. ಪರೀಕ್ಷೆ ಮಾಡಿಸಿದಾಗ ನಮ್ಮ ಅಂಗಳದ ರಸಸಾರ 5.2 ಬಂತು. ಅಂದಿನಿಂದ ಜನವರಿಯಲ್ಲಿಯೇ ಪ್ರತಿ ಹತ್ತು ಚದರ ಅಡಿಗೆ ಸುಮಾರು 200 ಗ್ರಾಂ ಕೃಷಿ ಸುಣ್ಣವನ್ನು ಮಣ್ಣಿಗೆ ಬೆರೆಸಿ, ಮೇಲೆ ನೀರು ಚಿಮುಕಿಸಿ ಬಿಡುತ್ತೇನೆ. ಸುಣ್ಣ ಹಾಕಿದ ಮೂರು ವಾರ ಕಳೆಯದೆ ಸಗಣಿ ಗೊಬ್ಬರ ಹಾಕಬಾರದು; ಎರಡೂ ಒಟ್ಟಿಗೆ ಸೇರಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಗೊಬ್ಬರವೂ ಹಿತಮಿತವಾಗಿರಬೇಕು, ಏಕೆಂದರೆ ಸಾರಜನಕ ಹೆಚ್ಚಾದ ಡೇರೆ ಎಲೆಯಲ್ಲೇ ಕೊಬ್ಬುತ್ತದೆ.

ಅಡಿಕೆ ಸುಲಿತ ಮುಗಿಯುವುದೂ ಇದೇ ಹೊತ್ತಿಗಾದ್ದರಿಂದ ಅಂಗಳದ ಅಂಚಿನಲ್ಲಿ ಸಿಪ್ಪೆಯ ರಾಶಿ ಬಿದ್ದಿರುತ್ತದೆ. ಹಸಿ ಸಿಪ್ಪೆಯನ್ನು ನೇರವಾಗಿ ಏರಿಗೆ ಹಾಕಿದರೆ ಅದು ಕೊಳೆಯಲು ಒಂದು ವರ್ಷ ಸಾಲದು. ಸಗಣಿ ನೀರು ಚಿಮುಕಿಸಿ, ಹಸಿಸೊಪ್ಪಿನ ಪದರ ಕೊಟ್ಟು ಗುಂಡಿಗೆ ಹಾಕಿದ್ದನ್ನು ನಾನು ಬಳಸುವುದು ಮರುವರ್ಷದ ಮಾಗಿಯಲ್ಲಿ. ಕುಂಡಗಳಿಗೆಂದು ಸ್ವಲ್ಪ ಸುಡುಮಣ್ಣನ್ನೂ ಮಾಡಿಕೊಳ್ಳುತ್ತೇನೆ. ಒಣಕಡ್ಡಿ, ಮಣ್ಣಿನ ಹೆಂಟೆ ಒಂದರ ಮೇಲೊಂದು ಪೇರಿಸಿ ಎರಡು ದಿನ ಹೊಗೆಯಾಡಿಸಿದರೆ ಮಣ್ಣು ಹುಡಿಹುಡಿಯಾಗಿ, ಕಳೆಬೀಜ ಸತ್ತಿರುತ್ತದೆ. ಗಾಳಿಯಿಲ್ಲದ ಸಂಜೆ, ಕೊಡದಲ್ಲಿ ನೀರು ಪಕ್ಕದಲ್ಲಿಟ್ಟುಕೊಂಡೇ ಈ ಕೆಲಸಕ್ಕೆ ಕೈಹಾಕಬೇಕು.

ಹೊದಿಕೆಗೆ ದರಕು, ಎಂದರೆ ಕಾಡಿನ ಒಣ ಎಲೆ, ತರುವ ವಿಷಯದಲ್ಲಿ ನಮ್ಮ ಸೀಮೆಯವರು ವಿಶೇಷ ಎಚ್ಚರ ವಹಿಸಬೇಕಾದ ಕಾರಣವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಹೆಚ್ಚು ಕಾಣಿಸಿಕೊಳ್ಳುವುದು ಇದೇ ತಿಂಗಳುಗಳಲ್ಲಿ. ಅದನ್ನು ಹರಡುವ ಉಣುಗಿನ ಮರಿಗಳು ಕಾಡಿನ ಒಣ ಎಲೆಯ ಹಾಸಿನಲ್ಲಿ ಇರುತ್ತವೆ. 2018-19ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ತಂದ ಸಾವುನೋವು ಇಲ್ಲಿನ ಯಾರಿಗೂ ಮರೆತಿಲ್ಲ. ಆ ವರ್ಷದಿಂದ ನಾನು ಹೂವಿನ ಗಿಡಕ್ಕಾಗಿ ಬೆಟ್ಟದಿಂದ ದರಕು ತರುವುದನ್ನು ಬಿಟ್ಟೆ. ಮನೆಯ ಹಲಸು, ಮಾವಿನ ಮರಗಳ ಎಲೆ, ತೋಟದ ಅಡಿಕೆ ಸೋಗೆ ಇವೆರಡರಲ್ಲೇ ತೋಟದ ಹೊದಿಕೆ ಮುಗಿಯುತ್ತದೆ. ಅನಿವಾರ್ಯವಾಗಿ ಕಾಡಿನಂಚಿಗೆ ಹೋಗುವವರು ಉಣುಗನ್ನು ದೂರವಿಡಲು ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲವನ್ನು ಕೈಕಾಲುಗಳಿಗೆ ಹಚ್ಚಿಕೊಂಡು, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಬೇಕು. ಎಷ್ಟು ಚೆಂದದ ಹೂವಿಗಾಗಿಯೂ ಈ ಎಚ್ಚರವನ್ನು ಸಡಿಲಿಸುವುದು ತರವಲ್ಲ.

ಏರಿಯ ಮೇಲೆ ಸೋಗೆ ಮುಚ್ಚಿದ ಮೇಲೆ ಬೇಲಿ. ಮುಳ್ಳುಹಂದಿಗೆ ಡೇರೆ ಗಡ್ಡೆ ಬಲು ಪ್ರೀತಿ; ಒಂದು ರಾತ್ರಿಯಲ್ಲಿ ಹನ್ನೊಂದು ಬುಡವನ್ನು ಕೆದರಿ ತಿಂದುಹೋದದ್ದನ್ನು ನಾನು ಕಂಡಿದ್ದೇನೆ. ಅಡಿಕೆ ದಬ್ಬೆಯನ್ನು (ಮರದ ಸೀಳನ್ನು) ಒತ್ತೊತ್ತಾಗಿ, ಒಂದು ಅಡಿ ನೆಲದೊಳಗೆ ಇಳಿಯುವಂತೆ ಹುಗಿದು ಕಟ್ಟಿದ ಬೇಲಿಯನ್ನು ಅದು ಈವರೆಗೆ ದಾಟಿಲ್ಲ. ಗಿಡಗಳಿಗೆ ಊರುಗೋಲಾಗುವ ಗೂಟಗಳನ್ನೂ ಈಗಲೇ, ಎರಡೂವರೆ ಅಡಿಗೊಂದರಂತೆ ನೆಡುತ್ತೇನೆ. ಗಿಡ ಬೆಳೆದ ಮೇಲೆ ಗೂಟ ಹೊಡೆದರೆ ಕಣ್ಣಿಗೆ ಕಾಣದ ಗಡ್ಡೆಗೇ ಪೆಟ್ಟು ಬೀಳುತ್ತದೆ.

ಉಳಿದ ಹೂಗಳ ಕೆಲಸ ಇದರ ನಡುವೆಯೇ ಸಾಗುತ್ತದೆ. ಹೂ ಮುಗಿದ ಸೇವಂತಿಗೆಯನ್ನು ನಾಲ್ಕು ಬೆರಳು ಬಿಟ್ಟು ಸವರಿದರೆ ಬುಡದಲ್ಲಿ ಹಿಳ್ಳು (ಮರಿಗಿಡ) ಏಳುತ್ತದೆ. ಬೇರು ಸಮೇತ ಅವನ್ನು ಬಿಡಿಸಿ ನೆರಳಿನ ಪಾತಿಗೆ ದಾಟಿಸುತ್ತೇನೆ. ಚೆಂಡುಹೂವಿನ ಒಣಗಿದ ತಲೆಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟುತ್ತೇನೆ. ಕರ್ಣಕುಂಡಲದ ಬೀಜವನ್ನು ದೀಪಾವಳಿಯ ಆಸುಪಾಸಿನಲ್ಲಿ ಕಾಯಿ ಸಿಡಿಯುವ ಮೊದಲೇ ಕೂಡಿಟ್ಟಿರುವುದರಿಂದ ಈಗ ಅದನ್ನು ಹುಳು ಬಾರದಂತೆ ಬೂದಿಯಲ್ಲಿ ಕಲಸಿಡುವುದಷ್ಟೇ ಉಳಿದಿರುತ್ತದೆ.

ಈ ಸಲ ಏರಿಗಳು ಸಿದ್ಧವಾಗಿವೆ, ಗೂಟಗಳು ನಿಂತಿವೆ. ಮೆಟ್ಟಿಲ ಕೆಳಗೆ ನಾಲ್ಕು ಮಡಕೆಗಳಲ್ಲಿ ಇಪ್ಪತ್ತಾರು ಗೊಂಚಲುಗಳಿವೆ. ಅವುಗಳಲ್ಲಿ ಒಂಬತ್ತರ ತಗಡಿನ ಮೇಲೆ ಕೊಡಬೇಕಾದ ಮನೆಗಳ ಹೆಸರು ಬರೆದಾಗಿದೆ. ನಿನ್ನೆ ಮರಳನ್ನು ಮುಷ್ಟಿಯಲ್ಲಿ ಹಿಡಿದು ನೋಡಿದೆ, ತಂಪಾಗಿತ್ತು. ಇನ್ನು ಮಡಕೆಗಳ ಬಾಯಿ ತೆರೆಯುವುದು ಯುಗಾದಿ ಕಳೆದ ಮೇಲೆ.